ಟ್ಯಾಬ್ ಅಗಲ: ಸಿಎಸ್‌ಎಸ್‌ನಲ್ಲಿ ಹೊಂದಿಸುವುದೋ, ಸ್ಪೇಸ್‌ಗೆ ಬದಲಿಸುವುದೋ?

ವೆಬ್ ಪುಟದಲ್ಲಿ ಹಾಕಿದ ಕೋಡ್ ಬಲಕ್ಕೆ ಓಡಿಹೋಗುತ್ತಿದ್ದರೆ ಕಾರಣ ಸರಳ: ಬ್ರೌಸರ್ ತಾನಾಗಿ ಒಂದು ಟ್ಯಾಬ್‌ಗೆ (ಟ್ಯಾಬ್ ಕೀ ಒತ್ತಿದಾಗ ಬರುವ ಖಾಲಿ ಜಾಗಕ್ಕೆ) 8 ಸ್ಪೇಸ್ ಅಗಲ ಕೊಡುತ್ತದೆ. ಮೂರು ಹಂತ ಒಳಗೆ ಹೋದ ಸಾಲು 24 ಸ್ಪೇಸ್ ಆದಮೇಲೆ ಶುರುವಾಗುತ್ತದೆ. ಮೊಬೈಲ್‌ನಲ್ಲಿ ಅರ್ಧ ಪರದೆ ಖಾಲಿಯೇ.

ಟ್ಯಾಬ್‌ಗಳನ್ನೆಲ್ಲ ಸ್ಪೇಸ್‌ಗೆ ಬದಲಿಸಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ನಿಜ. ಆದರೆ ಅಗಲ ಅಲ್ಲಿಗೇ ಗಟ್ಟಿಯಾಯಿತು. ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ಹಂತಗಳನ್ನು ಬರೆದಿಡುವ ಫೈಲ್) ಆದರಂತೂ ನಕಲು ಮಾಡಿಕೊಂಡವರಿಗೆ ಎರರ್ ಬರುತ್ತದೆ. ಅದಕ್ಕೆ ಸಾಮಾನ್ಯವಾಗಿ ಟ್ಯಾಬೇ ಬೇಕು.

ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ, ಕೋಡನ್ನು ಇದ್ದಹಾಗೇ ತೋರಿಸುವ ಪ್ರೀ (pre) ಟ್ಯಾಗ್‌ಗೆ ‘ಟ್ಯಾಬ್-ಸೈಜ್: 4’ (tab-size: 4) ಎಂದು ಒಂದೇ ಸಾಲು ಬರೆಯುವುದು ಇನ್ನೊಂದು ದಾರಿ. ನನ್ನ ಆಯ್ಕೆ ಇದೇ. ಮೂಲ ಕೋಡ್ ಮುಟ್ಟಬೇಕಿಲ್ಲ, ಸಣ್ಣ ಪರದೆಗೆ ಮೀಡಿಯಾ ಕ್ವೆರಿಯಲ್ಲಿ (ಪರದೆಯ ಅಳತೆ ನೋಡಿ ಅನ್ವಯಿಸುವ ಸಿಎಸ್‌ಎಸ್ ನಿಯಮದಲ್ಲಿ) 2 ಮಾಡಬಹುದು. ಒಂದು ವಿಷಯ ನೆನಪಿರಲಿ: ಖಾಲಿ ಜಾಗವನ್ನು ಹೇಗೆ ತೋರಿಸಬೇಕೆಂದು ಹೇಳುವ ಸಿಎಸ್‌ಎಸ್‌ನ ವೈಟ್-ಸ್ಪೇಸ್ (white-space) ‘ಪ್ರೀ’, ‘ಪ್ರೀ-ವ್ರ್ಯಾಪ್’ ಅಥವಾ ‘ಬ್ರೇಕ್-ಸ್ಪೇಸಸ್’ ಇದ್ದಾಗಲೇ ಇದು ಕೆಲಸ ಮಾಡುವುದು. ಮಾಮೂಲಿ ಪ್ಯಾರಾದಲ್ಲಿ ನಾಲ್ಕು ಟ್ಯಾಬ್ ಒತ್ತಿದರೂ ಉಳಿಯುವುದು ಒಂದೇ ಸ್ಪೇಸ್. ಫೈರ್‌ಫಾಕ್ಸ್ 91ಕ್ಕಿಂತ ಹಳೆಯ ಆವೃತ್ತಿಗಳಿಗೆ ಹೆಸರಿನ ಮುಂದೆ ‘-ಮೋಜ್-’ (-moz-) ಸೇರಿಸಬೇಕಿತ್ತು, ಈಗ ಬೇಡ.

ಅಂಕಿಗಳನ್ನು ಕಾಲಂಗಳಾಗಿ ಜೋಡಿಸಲು ಮಾತ್ರ ಎರಡೂ ಸಲ್ಲ, ಟೇಬಲ್ ಬಳಸಿ.