ಶನಿವಾರ ರಾತ್ರಿಗೆ ‘ಡ್ಯುಯೆಟ್ಸ್’ ನೋಡಬೇಕೇ, ‘ಒನ್ಸ್’ ನೋಡಬೇಕೇ?

ಬದಿಯಡ್ಕದ ನಮ್ಮ ಚಾವಡಿಯಲ್ಲಿ ಕರೋಕೆ (ಮುದ್ರಿತ ಹಿನ್ನೆಲೆ ಸಂಗೀತಕ್ಕೆ ದನಿಗೂಡಿಸಿ) ಹಾಡುವ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು. ಡಬ್ಲಿನ್‌ನ ಬೀದಿ ಗಾಯಕನ ಕಥೆಯಾದ ‘ಒನ್ಸ್’ (2007) ಚಿತ್ರದ ಹಾಡಿಗೆ ಆಸ್ಕರ್ ಬಂದಿದೆ, ಹೊಗಳುವವರಿಗೆ ಬರವಿಲ್ಲ. ಬ್ರೂಸ್ ಪಾಲ್ಟ್ರೋ ನಿರ್ದೇಶಿಸಿದ ‘ಡ್ಯುಯೆಟ್ಸ್’ (2000) ಮಾತ್ರ ಮೂಲೆಗೆ ಬಿದ್ದಿದೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಮೂರು ಜೋಡಿಗಳು ಅಮೆರಿಕದ ಒಮಾಹಾ ನಗರದ ಕರೋಕೆ ಸ್ಪರ್ಧೆಯತ್ತ ಸಾಗುವ ಕಥೆ ಅಲ್ಲಲ್ಲಿ ಎಳೆದಂತಾಗುತ್ತದೆ, ನಿಜ. ಆದರೆ ಮಗಳಿಂದ ದೂರವೇ ಉಳಿದಿದ್ದ ತಂದೆಯಾಗಿ ಹ್ಯೂಯಿ ಲೂಯಿಸ್, ಮಗಳಾಗಿ ಗ್ವಿನೆತ್ ಪಾಲ್ಟ್ರೋ ಒಂದೇ ವೇದಿಕೆಯಲ್ಲಿ ಸ್ವಂತ ಕಂಠದಲ್ಲಿ ಹಾಡುವಾಗ, ಬಾಯಿಬಿಟ್ಟು ಹೇಳಲಾಗದ್ದೆಲ್ಲ ದನಿಯಲ್ಲಿ ಕರಗುತ್ತದೆ.

ಸ್ವಂತ ಹಾಡು ಕಟ್ಟುವವರು ‘ಒನ್ಸ್’ ನೋಡಿ. ಮೊಬೈಲ್ ಪರದೆಯ ಮೇಲೆ ಓಡುವ ಸಾಲುಗಳಿಗೆ ತೊಡೆಯ ಮೇಲೆ ತಾಳ ಹಾಕುತ್ತಾ, ಇನ್ನೊಬ್ಬರ ಹಾಡನ್ನು ತಮ್ಮದಾಗಿಸಿಕೊಳ್ಳುವ ನಮ್ಮಂಥವರಿಗೆ ‘ಡ್ಯುಯೆಟ್ಸ್’.