ಹೊರೆ ಹೆಚ್ಚುವ ಮುನ್ನವೇ ಕೆಂಪಾಗುವ ಹಾಳೆ

ಆರು ತಿಂಗಳಿನಿಂದ ನಮ್ಮ ಒಂಬತ್ತು ಜನರ ತಂಡದ ಕೆಲಸದ ಹೊರೆಯನ್ನು ಗೂಗಲ್ ಶೀಟ್ಸ್ ಮತ್ತು ಅದರ ಜೊತೆಗೇ ಸಿಗುವ, ಹಾಳೆಯ ಕೆಲಸಗಳನ್ನು ತಾನಾಗಿ ನಡೆಸುವ ಕೋಡ್ ಬರೆಯಲು ಬಳಸುವ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ಅಳೆಯುತ್ತಿದ್ದೇನೆ. ಇದಕ್ಕೆಂದೇ ಮಾಡಿದ ದೊಡ್ಡ ತಂತ್ರಾಂಶಗಳನ್ನು ನೋಡಿದ ಮೇಲೂ ಇದನ್ನೇ ಉಳಿಸಿಕೊಂಡಿದ್ದೇನೆ.

ಹಿಂದೊಮ್ಮೆ ನಮ್ಮ ಪರೀಕ್ಷಕಿಯೊಬ್ಬರನ್ನು ಮೂರು ಯೋಜನೆಗಳ ಮುಖ್ಯಸ್ಥರು ಬೇರೆ ಬೇರೆಯಾಗಿ ‘ಎರಡೇ ದಿನದ ಕೆಲಸ’ ಎಂದು ಕೇಳಿದ್ದರು. ಅವರು ಮೂವರಿಗೂ ಆಗಲಿ ಎಂದಿದ್ದರು. ಎರಡು ದಿನ ಮೂರು ಸಲವೆಂದರೆ ಆರು. ವಾರಕ್ಕಿರುವುದು ಐದೇ ದಿನ, ಅದರಲ್ಲೂ ಅವರದೇ ಕೆಲಸ ಬಾಕಿ. ಆ ಕೂಡುವ ಲೆಕ್ಕವನ್ನು ಯಾರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಅವರ ವರದಿ ಬಂದಾಗ ನನಗೆ ಅರಿವಾಯಿತು.

ಈಗ ಆ ಲೆಕ್ಕವನ್ನು ಹಾಳೆಯೇ ಮಾಡುತ್ತದೆ. ಹೆಸರು, ಕೆಲಸ, ಆರಂಭ, ಮುಕ್ತಾಯ, ಗಂಟೆ ಎಂಬ ಐದು ಕಾಲಂಗಳು. ಪ್ರತಿಯೊಬ್ಬರ ವಾರದ ಮೊತ್ತಕ್ಕೆ, ಷರತ್ತಿಗೆ ಹೊಂದುವ ಅಂಕಿಗಳನ್ನಷ್ಟೇ ಕೂಡುವ ಒಂದು ಸಮ್‌ಇಫ್ಸ್ ಸೂತ್ರ. ದಿನಕ್ಕೆ ಎಂಟು ಗಂಟೆ ಎಂದು ಹಿಡಿಯಲೇಬೇಡಿ. ಸಭೆ, ಮಿಂಚಂಚೆ, ಪಕ್ಕದವರ ಸಂದೇಹಗಳನ್ನು ಕಳೆದು ನಾನು ಆರು ಗಂಟೆ ಇಟ್ಟಿದ್ದೇನೆ. ಅದರ 80% ದಾಟಿದರೆ ಕೋಶ ಹಳದಿ, 100% ದಾಟಿದರೆ ಕೆಂಪು. 80 ಏಕೆಂದರೆ, ಸರತಿಯ ಅತಿ ಸರಳ ಗಣಿತದಲ್ಲಿ 80% ಭರ್ತಿಯಾದವರ ಮುಂದೆ ಹೊಸ ಕೆಲಸವೊಂದು ಸರಾಸರಿ ನಾಲ್ಕು ಕೆಲಸಗಳಷ್ಟು ಹೊತ್ತು ಕಾಯುತ್ತದೆ. 90% ಆದರೆ ಒಂಬತ್ತು ಕೆಲಸಗಳಷ್ಟು.

ಸ್ಕ್ರಿಪ್ಟ್ ಪ್ರತಿದಿನ ಬೆಳಿಗ್ಗೆ ಓಡಿ ಮಿತಿ ಮೀರಿದವರ ಪಟ್ಟಿಯನ್ನು ಮುಖ್ಯಸ್ಥರಿಗೆ ಕಳುಹಿಸುತ್ತದೆ. ಎಂಟು ಗಂಟೆಗೆ ಎಂದು ನಿಗದಿ ಮಾಡಿದರೂ ಅದು ಎಂಟರಿಂದ ಒಂಬತ್ತರೊಳಗೆ ಯಾವಾಗಲಾದರೂ ಓಡಬಹುದು. ನಮಗೆ ಅಷ್ಟು ಸಾಕು. ಯಾರಾದರೂ ಹೊಸ ಸಾಲು ತುಂಬಿದ ಕ್ಷಣದಲ್ಲೇ ಅಂಚೆ ಹೋಗಬೇಕೆಂದರೆ, ಹಾಳೆ ತಿದ್ದಿದಾಗ ತಾನಾಗಿ ಓಡುವ ಸರಳ ಆನ್‌ಎಡಿಟ್‌ನಿಂದ ಆಗುವುದಿಲ್ಲ, ಅದಕ್ಕೆ ಅಂಚೆ ಕಳುಹಿಸುವ ಅನುಮತಿಯಿಲ್ಲ. ಸ್ಕ್ರಿಪ್ಟನ್ನು ಓಡಿಸುವ ಟ್ರಿಗರ್ ಅನ್ನು ಬೇರೆಯಾಗಿ ಅಳವಡಿಸಬೇಕು. ಇದು ತಿಳಿಯದೆ ನನ್ನ ಒಂದು ಸಂಜೆ ಪೂರ್ತಿ ಹೋಯಿತು.

ಹೆಚ್ಚು ಶ್ರಮ ಬೇಡಿದ್ದು ಎರಡು ವಾರಗಳಿಗೆ ಹರಡುವ ಕೆಲಸ. ನನ್ನ ಮೊದಲ ಸೂತ್ರ ಎಲ್ಲ ಗಂಟೆಗಳನ್ನೂ ಆರಂಭದ ವಾರಕ್ಕೇ ಹೇರುತ್ತಿತ್ತು. ಕೆಲಸದ ದಿನಗಳನ್ನಷ್ಟೇ ಎಣಿಸುವ ನೆಟ್‌ವರ್ಕ್‌ಡೇಸ್ ಸೂತ್ರ ಬಳಸಿ ದಿನಗಳಿಗೆ ಹಂಚಿ, ರಜೆಯ ಪಟ್ಟಿಯನ್ನೂ ಅದಕ್ಕೆ ಕೊಟ್ಟ ಮೇಲೆಯೇ ಅಂಕಿಗಳನ್ನು ನಂಬುವಂತಾಯಿತು. ಗಂಟೆಗಳ ಅಂದಾಜನ್ನು ಮಾತ್ರ ಕೆಲಸ ಮಾಡುವವರೇ ತುಂಬಲಿ. ಮುಖ್ಯಸ್ಥರು ತುಂಬಿದರೆ ಎಲ್ಲವೂ ‘ಎರಡೇ ದಿನ’ವಾಗುತ್ತದೆ.

ಕಳೆದ ವಾರ ಮುಖ್ಯಸ್ಥರೊಬ್ಬರು ಅದೇ ಪರೀಕ್ಷಕಿಯ ಹೆಸರನ್ನು ಬರೆದರು, ಕೋಶ ಕೆಂಪಾಯಿತು. ನಾನು ಬಾಯಿ ತೆರೆಯುವ ಮೊದಲೇ ಸಾಲನ್ನು ಅಳಿಸಿ, “ಮುಂದಿನ ಗುರುವಾರಕ್ಕೆ ಇಟ್ಟುಕೊಳ್ಳಬಹುದೇ?” ಎಂದು ಪರೀಕ್ಷಕಿಯನ್ನೇ ಕೇಳಿದರು.