ಮಳೆಗಾಲಕ್ಕೆ ಕುಡಿಯುವ ನೀರು: ನೀಲಿ ಡ್ರಮ್ಮಾ, ಇಪ್ಪತ್ತರ ಕ್ಯಾನಾ, ಹತ್ತರದ್ದಾ?

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಹತ್ತು ಲೀಟರಿನ ಸಣ್ಣ ಕ್ಯಾನಿಗೆ. ಅಡಿಗೆಕೋಣೆ ಹಿಂದಿನ ಕತ್ತಲೆ ಕೋಣೆಯಲ್ಲಿ ಹತ್ತು ಕ್ಯಾನು ಸಾಲಾಗಿ ಕೂತಿವೆ. ಅಲ್ಲಿಗೆ ಬಂದು ಮುಟ್ಟುವ ಮೊದಲು ಡ್ರಮ್ಮಿಗೂ ದುಡ್ಡು ಹಾಕಿ ಆಯ್ತು, ಸೀಲ್ ಮಾಡಿದ ನೀರಿಗೂ ಹಾಕಿ ಆಯ್ತು.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ಕರೆಯಲ್ಲಿ ಮನೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಊರಲ್ಲಿ ನೀರು ತುಂಬಿಸಿ ಇಡುದು ಎಂತಕ್ಕೆ ಅಂತ ಘಟ್ಟದ ಮೇಲಿನ ನಂಟರು ನಗಾಡಿದ್ರು. ಬಾವಿ ಉಂಟು, ಸರಿ. ಆದ್ರೆ ಜುಲೈಯಲ್ಲಿ ಒಂದು ಮರ ಲೈನಿನ ಮೇಲೆ ಬಿದ್ರೆ ನಾಲ್ಕು ದಿವಸ ಕರೆಂಟಿಲ್ಲ, ಮೋಟರಿಲ್ಲ, ಹಗ್ಗ ಕಟ್ಟಿ ಕೈಯಲ್ಲಿ ಸೇದುವಾ ಅಂದ್ರೆ ತೋಟದ ನೀರು ನುಗ್ಗಿ ಬಾವಿ ನೀರು ಚಾಯದ ಬಣ್ಣಕ್ಕೆ ತಿರುಗಿರ್ತದೆ. ಬಟ್ಟೆ ಪಾತ್ರೆ ಕಕ್ಕಸಿಗೆ ಅದು ಸಾಕು. ಕುಡಿಲಿಕ್ಕೆ ಆಗುದಿಲ್ಲ. ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಎರಡೂವರೆ ಗ್ರಾಂ, ನೀರು ಕೆಟ್ಟಿದ್ರೆ 5 ಗ್ರಾಂ, ಬಾಲ್ದಿಯಲ್ಲಿ ಕಲಸಿ ತಿಳಿ ಮಾತ್ರ ಬಾವಿಗೆ ಬಿಡುದು, ಮತ್ತೆ ಒಂದು ಗಂಟೆ ಮುಟ್ಟಬಾರದು, ಇದೆಲ್ಲ ನಮಗೆ ಬಾಯಿಪಾಠ. ಅದು ಕ್ರಿಮಿ ಕೊಲ್ತದೆ, ಕೆಸರು ತೆಗಿತದಾ?

ಹಾಗೆ ಕುಡಿಲಿಕ್ಕೆ ಅಡಿಗೆಗೆ ಮಾತ್ರ ಲೆಕ್ಕ ಹಾಕಿದೆವು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ನಾವು ಐದು ಜನ, ಐದು ದಿವಸ. ನೂರು ಲೀಟರ್.

ಮೊದಲು ತಂದದ್ದು ಡ್ರಮ್ಮು. ಇವರು ಪೇಟೆಯಿಂದ ಪಿಕಪ್ಪಿಗೆ ಹಾಕಿಸಿಕೊಂಡು ಬಂದ್ರು, 200 ಲೀಟರಿನ ನೀಲಿ ಡ್ರಮ್ಮು, ಸೆಕೆಂಡ್ ಹ್ಯಾಂಡ್, 900 ರೂಪಾಯಿ. ಒಳಗೆ ಎಂತ ಇತ್ತು ಕೇಳಿದ್ರೆ "ಉಪ್ಪಿನಕಾಯಿ ಬಂದದ್ದಂತೆ" ಅಂದ್ರು. ನಾನು ಮುಚ್ಚಳ ತೆಗೆದು ಮೂಗು ಹಾಕಿದೆ. ಯಾವ ಊರಲ್ಲಿ ಮಾರಾಯ್ರೆ ಉಪ್ಪಿನಕಾಯಿಗೆ ಶಾಂಪೂ ಹಾಕುದು?

ತೊಳ್ದದ್ದಕ್ಕೆ ಲೆಕ್ಕ ಇಲ್ಲ. ಸೋಪಿನ ಪುಡಿ, ಸೋಡ, ಹುಣಸೆಹುಳಿ ಹಾಕಿ ತಿಕ್ಕಿದ್ದು, ಒಂದು ವಾರ ಬಿಸಿಲಿಗೆ ಬಾಯಿ ಮಾಡಿ ಇಟ್ಟದ್ದು, ಅತ್ತೆ ಹೇಳಿದ್ರು ಅಂತ ಒಲೆ ಮಸಿಕೆಂಡ ಕಟ್ಟಿ ಒಳಗೆ ಇಳಿಸಿ ಎರಡು ದಿವಸ ಬಿಟ್ಟದ್ದು. ಖಾಲಿ ಇರುವಾಗ ವಾಸನೆ ಇಲ್ಲ. ನೀರು ತುಂಬಿಸಿ ಮೂರು ದಿವಸ ಮುಚ್ಚಿಟ್ಟು ತೆಗೆದ್ರೆ ಮೆಲ್ಲ ಹೊರಗೆ ಬರ್ತದೆ, ಕುದಿಸಿದ್ರೆ ಇನ್ನೂ ಜೋರು. ಜೀರಿಗೆ ಹಾಕಿ ಕುದಿಸಿದೆ, ಜೀರಿಗೆ ಶಾಂಪೂ ಆಯ್ತು. ಸಣ್ಣವ ಗಂಜಿ ಬಟ್ಟಲನ್ನು ದೂಡಿ "ಅಮ್ಮ, ಇದ್ರಲ್ಲಿ ನೊರೆ ಬರ್ತದಾ?" ಅಂತ ಕೇಳಿದ.

ಇವರದ್ದು ಒಂದೇ ವಾದ, ಅಡಿಯಲ್ಲಿ ತ್ರಿಕೋನದ ಒಳಗೆ 2 ಅಂತ ಉಂಟು, ಒಳ್ಳೆ ಪ್ಲಾಸ್ಟಿಕ್. ಆ ನಂಬ್ರ ಪ್ಲಾಸ್ಟಿಕ್ ಯಾವ ಜಾತಿ ಅಂತ ಹೇಳ್ತದೆ ಅಷ್ಟೆ, ಮೊದಲು ಅದ್ರಲ್ಲಿ ಎಂತ ತುಂಬಿಸಿದ್ರು ಅಂತ ಹೇಳುದಿಲ್ಲ. ಇದು ಶಾಂಪೂ, ಮೂಗಿಗೆ ಸಿಕ್ಕಿತು. ವಾಸನೆ ಇಲ್ಲದ ವಿಷ ಇದ್ದಿದ್ರೆ? ಪ್ಲಾಸ್ಟಿಕ್ ಒಮ್ಮೆ ಕುಡಿದದ್ದನ್ನು ಪೂರ್ತಿ ಬಿಡುದಿಲ್ಲ. ಮತ್ತೆ ತುಂಬಿದ್ರೆ 200 ಕಿಲೋ, ಇಟ್ಟಲ್ಲೇ ಇರ್ಬೇಕು, ತಳದ ನೀರು ಬೇಕಾದ್ರೆ ಅರ್ಧ ದೇಹ ಒಳಗೆ ಹಾಕ್ಬೇಕು.

ಎರಡನೇದ್ದು ಅಂಗಡಿಯ ಸೀಲ್ ಮಾಡಿದ ಇಪ್ಪತ್ತು ಲೀಟರ್. ನೀರಿಗೆ ಹೆಸರಿಡುವ ಹಾಗಿಲ್ಲ. ಆದ್ರೆ ಅದರ ಬಾಯಿಗೆ ಸಿಕ್ಕಿಸುವ ಪಂಪು ಚಾರ್ಜಿನದ್ದು. ಕರೆಂಟ್ ಹೋದಾಗ ಬೇಕು ಅಂತ ತಂದ ನೀರು, ಎರಡನೇ ದಿವಸ ಪಂಪು ಸತ್ತಿತು, ಕ್ಯಾನನ್ನು ಸ್ಟೂಲಿನ ಮೇಲೆ ಬಗ್ಗಿಸಿ ಬಗ್ಗಿಸಿ ಚೆಂಬಿಗೆ ಹೊಯ್ಯುವಾಗ ಕುಡಿದದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ. ಪೇಟೆಯ ಫ್ಲಾಟಿನವರಿಗೆ ಅದು ಸರಿ ಆದೀತು.

ಹತ್ತು ಲೀಟರಿನದ್ದು ಅತ್ತೆಗೂ ಎತ್ತಲಿಕ್ಕೆ ಆಗ್ತದೆ, ನನಗೆ ಅದೇ ದೊಡ್ಡದು. ಹೊಸದು, ಆಹಾರಕ್ಕೆ ಆಗುವಂಥದ್ದು ಅಂತ ಬರೆದದ್ದು, ಕೈ ಹಾಕಿ ಉಜ್ಜುವಷ್ಟು ಅಗಲ ಬಾಯಿ, ಒಂದಕ್ಕೆ 180ರ ಹಾಗೆ ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ತಕೊಂಡೆ. ಒಂದು ಹಾಳಾದ್ರೆ ಹತ್ತು ಲೀಟರ್ ಹೋಗ್ತದೆ, ಎಲ್ಲ ಹೋಗುದಿಲ್ಲ. ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ಪತ್ತನಾಜೆಗೆ ತುಂಬಿಸುದು, ಆಗ ಬಾವಿಯಲ್ಲಿ ನೀರು ಕಮ್ಮಿ ಇದ್ರೂ ಕನ್ನಡಿ ಹಾಗೆ ಇರ್ತದೆ. ದೀಪಾವಳಿಗೆ ಗಿಡಕ್ಕೆ ಹೊಯ್ದು ಹೊಸದು. ತಾರೀಕು ಬರೆದಿಡು ಅಂದ್ರೆ ನಾನು ಮರೀತೇನೆ, ಪತ್ತನಾಜೆ ಮರೆಯುದಿಲ್ಲ.

ಊಟದ ವಿಷಯ ಇಷ್ಟು ತಲೆಬಿಸಿ ಆಗ್ಲಿಲ್ಲ. 2020ರ ಮಾರ್ಚಿಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮಂಗಳೂರಿನ ದಾರಿ ಬಂದಾದಾಗಲೇ ಅಕ್ಕಿ ಬೇಳೆ ಒಂದು ತಿಂಗಳಿಗಾಗುವಷ್ಟು ಇಡುದು ಕಲಿತಾಗಿದೆ. ಬಿಸಿ ಮಾಡಿ ತಿನ್ನುವ ರೆಡಿ ಪ್ಯಾಕೆಟ್ ಒಂದು ಡಜನ್ ತರಿಸಿ ನೋಡಿದೆ, ಸಣ್ಣ ಒಂದು ಪ್ಯಾಕೆಟ್ಟಿನ ದುಡ್ಡಿಗೆ ಎರಡು ಕಿಲೋ ಅಕ್ಕಿ ಬರ್ತದೆ, ಅದೂ ಉಪ್ಪುಪ್ಪು, ತಿಂದ ಮೇಲೆ ಮಕ್ಕಳು ನೀರು ನೀರು ಅಂತ ಕ್ಯಾನಿಗೆ ಬಿದ್ರು.

ಅತ್ತೆ ಅಟ್ಟದಲ್ಲಿ ಕೂಡಿಟ್ಟದ್ದೇ ಮೇಲು ಅಂತ ಹೇಳಿಬಿಡ್ತಿದ್ದೆ, ಆದ್ರೆ ಅಲ್ಲಿಯೂ ಒಂದು ತಕರಾರು ಉಂಟು. ಭರಣಿಯಲ್ಲಿ ಉಪ್ಪುಸೊಳೆ, ಅಂದ್ರೆ ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ ಉಂಟು, ಮಳೆಗಾಲಕ್ಕೆ ಅಂತಲೇ ಹಾಕಿದ್ದು. ಅದರ ಉಪ್ಪು ಬಿಡಿಸ್ಲಿಕ್ಕೆ ಮೂರು ಸಲ ನೀರು ಬದಲಿಸ್ಬೇಕು. ಕುಡಿಯುವ ನೀರನ್ನು ಲೆಕ್ಕ ಮಾಡಿ ತೆಗೆಯುವಾಗ ಸೊಳೆಗೆ ಅಷ್ಟು ನೀರು ಯಾರು ಕೊಡುದು? ಕುಚ್ಚಿಲಕ್ಕಿಯೂ ಹಾಗೆಯೇ, ಬೇಯ್ಲಿಕ್ಕೆ ಗ್ಯಾಸ್ ತಿಂತದೆ. ಈಗ ಕರೆಂಟ್ ಹೋದ ದಿವಸಗಳಿಗೆ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಬೆಳ್ತಿಗೆ ಅಕ್ಕಿ, ಹುರಿದ ಹೆಸರು, ಹಪ್ಪಳ ಬೇರೆ ತೆಗೆದಿಟ್ಟಿದ್ದೇನೆ. ಸೊಳೆ ಪಲ್ಯ ಕರೆಂಟ್ ಬಂದ ಮೇಲೆ. ಅತ್ತೆಗೆ ಸ್ವಲ್ಪ ಬೇಜಾರುಂಟು, ಭರಣಿ ನೋಡಿದಾಗೆಲ್ಲ "ನಮ್ಮ ಕಾಲದಲ್ಲಿ ಬಾವಿಗೆ ರಾಟೆ ಇತ್ತು" ಅಂತಾರೆ.

ನೀಲಿ ಡ್ರಮ್ಮು ಬಿಸಾಡಲಿಲ್ಲ. ಅಡಿಕೆಗೆ ಮದ್ದು ಬಿಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಎಲ್ಲ ಅದ್ರಲ್ಲೇ ಕಲಸುದು. 900 ರೂಪಾಯಿ ಅದಕ್ಕೇ ಕೊಟ್ಟದ್ದು ಅಂತ ಇವರು ಈಗ ಹೇಳ್ತಾರೆ.